ಹದಿನಾಲ್ಕನೇ ನಂಬರಿನ ಎರಡು ಡಬ್ಬಿ

ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಬೈಯಿರಿ. ನಾನು ಕೇಳಿಕೊಳ್ಳುವುದು ಇಷ್ಟೇ. ಇದನ್ನು ಈಗಾಗಲೇ ನಾಲ್ಕು ಕಡೆ ಹೇಳಿದ್ದೇನೆ. ನಾಲ್ಕೂ ಕಡೆ ಮೂರನೇ ವಾಕ್ಯಕ್ಕೇ ಕೈ ಎತ್ತಿ, "ಆಯ್ತಮ್ಮ, ತಡ ಯಾಕಾಯ್ತು, ಅಷ್ಟು ಹೇಳಿ" ಅಂದರು.

ತಡ ಅಂದರೆ ಮೂವತ್ತೊಂದು ನಿಮಿಷ. ನೀರಮಟ್ಟಿ ಉಪಕೇಂದ್ರದಲ್ಲಿ ಕರೆಂಟ್ ಬಿಡಿ ಎಂದು ಯಂತ್ರ ಹೇಳಿದ ಮೇಲೂ ಮೂವತ್ತೊಂದು ನಿಮಿಷ ಕರೆಂಟ್ ಬಿಡಲಿಲ್ಲ. ಅದಕ್ಕಾಗಿ ಆಪರೇಟರ್ ಇಮಾಮಸಾಬ ನದಾಫ ಅಮಾನತಾಗಿದ್ದಾರೆ. ನಿವೃತ್ತಿಗೆ ಇದ್ದದ್ದು ಎರಡೇ ತಿಂಗಳು. ಅವರ ಗತಿ ಏನು ಅನ್ನುವುದು ಒಂದು ಫಾರಂನಲ್ಲಿ ನಾನು ಏನು ತುಂಬುತ್ತೇನೆ ಅನ್ನುವುದರ ಮೇಲಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಗಡುವು.

ಹಾಗಾಗಿ ಶುರುವಿನಿಂದ ಹೇಳುತ್ತೇನೆ. ಶುರು ಅಂದರೆ ಆರುನೂರ ಎಪ್ಪತ್ತಾರು.

ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ. ಎರಡೆರಡು ಜೋಡಿಸಿದರೆ ಆರುನೂರ ಎಪ್ಪತ್ತಾರು ಜೋಡಿ, ಒಂದೂ ಹೆಚ್ಚಿಲ್ಲ. ಇಡೀ ಸರ್ಕಾರ, ಆಸ್ಪತ್ರೆ, ರೈಲು, ಶಾಲೆ, ಬ್ಯಾಂಕು ಎಲ್ಲವೂ ಇಷ್ಟರಲ್ಲೇ ಸಂಸಾರ ಮಾಡಬೇಕು. ಎ.ಸಿ. ಅಂದರೆ ಉಪವಿಭಾಗದ ಸಾಹೇಬರು, ಗೋಡೆಗೆ ಹಾಕುವ ತಂಪು ಪೆಟ್ಟಿಗೆ, ಒಂದು ಬಗೆಯ ವಿದ್ಯುತ್ತು, ವೈದ್ಯರ ಚೀಟಿಯಲ್ಲಿ ಊಟಕ್ಕೆ ಮುಂಚೆ. ಪಿ.ಟಿ. ಅಂದರೆ ಸೀಟಿ ಊದುವ ಮೇಷ್ಟ್ರು, ಮೊಣಕಾಲಿನ ವ್ಯಾಯಾಮ, ರಕ್ತದ ಒಂದು ಪರೀಕ್ಷೆ. ನಗು ಬರುತ್ತದೆ, ನಿಜ. ಆದರೆ ಎಂ.ಎಸ್. ಎಂದು ಬರೆದರೆ ನೋವಿನ ಔಷಧವೂ ಆಗಬಹುದು, ಬೇರೆಯೇ ಒಂದು ಲವಣವೂ ಆಗಬಹುದು. ಅದನ್ನು ತಪ್ಪಾಗಿ ಓದಿ ಸೂಜಿ ಚುಚ್ಚಿದರೆ ನಗು ಬರುವುದಿಲ್ಲ.

ಆದ್ದರಿಂದ ಒಂದು ಜೋಡಿಗೆ ಒಂದೇ ಅರ್ಥ ಎಂಬ ಕಾನೂನು ಬಂತು. ಅದನ್ನು ಕಾಯಲು 'ಜೋಡಿ' ಅನ್ನುವ ಯಂತ್ರ ಬಂತು. ಅದು ಪ್ರತಿ ಸರ್ಕಾರಿ ಫೋನು, ವೈರ್‌ಲೆಸ್ಸು, ಕಂಪ್ಯೂಟರಿನ ಒಳಗೆ ಕೂತು ಕೇಳುತ್ತಿರುತ್ತದೆ. ನಿಮ್ಮ ಇಲಾಖೆಗೆ ಹಂಚಿದ ಜೋಡಿ ಹೇಳಿದರೆ ಪೂರ್ತಿ ಅರ್ಥ ಬಿಡಿಸಿ ಆ ಕಡೆಯವರಿಗೆ ತಲುಪಿಸುತ್ತದೆ, ದಾಖಲೆ ಮಾಡುತ್ತದೆ. ಬೇರೆಯವರ ಜೋಡಿ ಹೇಳಿದಿರೋ, ಟಿಂಗ್ ಅನ್ನುತ್ತದೆ. ಅಷ್ಟು ಮಾತು ಆ ಕಡೆ ಹೋಗುವುದೇ ಇಲ್ಲ. "ಈ ಜೋಡಿ ನಿಮ್ಮದಲ್ಲ" ಎಂದು ಹೆಣ್ಣು ದನಿಯೊಂದು ನಯವಾಗಿ ಹೇಳುತ್ತದೆ.

ನಾನು ನೀಲಾಂಬಿಕಾ ಹಡಪದ, ಇಪ್ಪತ್ನಾಲ್ಕು ವರ್ಷ, ಧಾರವಾಡದಲ್ಲಿ ಜೋಡಿ ತಂಡದ ಕಿರಿಯ ಇಂಜಿನಿಯರ್. ಆ ಯಂತ್ರದ ಮೇಲೆ ನನಗೆ ಎಷ್ಟು ಹುಚ್ಚಿತ್ತು ಅಂದರೆ ಮನೆಯಲ್ಲಿ ಅವ್ವ "ಬಿ.ಪಿ. ಗುಳಿಗಿ ಕೊಡ" ಅಂದರೆ ನಾನೇ ಬಾಯಲ್ಲಿ ಟಿಂಗ್ ಅನ್ನುತ್ತಿದ್ದೆ. ಒಮ್ಮೆ ಚಪ್ಪಲಿ ಬೀಸಿ ಬಂತು.

ಎಲ್.ಸಿ. ಜೋಡಿಗೆ ದೊಡ್ಡ ಜಗಳವೇ ಆಯಿತು. ಶಾಲೆಯವರಿಗೆ ಅದು ಮಕ್ಕಳು ಶಾಲೆ ಬಿಟ್ಟ ದಾಖಲೆ. ರೈಲಿನವರಿಗೆ ಹಳಿ ದಾಟುವ ಗೇಟು. ಬ್ಯಾಂಕಿನವರಿಗೆ ಸಾಲದ ಭರವಸೆ ಪತ್ರ. ಕರೆಂಟಿನವರಿಗೆ ಲೈನ್ ಕ್ಲಿಯರ್, ಅಂದರೆ ಲೈನ್‌ಮನ್ ಕಂಬ ಹತ್ತುವ ಮೊದಲು ಉಪಕೇಂದ್ರಕ್ಕೆ ಹೇಳಿ ಕರೆಂಟ್ ತೆಗೆಸಿಕೊಳ್ಳುವ ಅನುಮತಿ. ಯಾರು ವರ್ಷಕ್ಕೆ ಹೆಚ್ಚು ಸಲ ಬಳಸುತ್ತಾರೋ ಅವರಿಗೆ ಜೋಡಿ ಅಂತ ನಿಯಮ. ಎಣಿಕೆ ಮಾಡಿದವಳು ನಾನೇ. ಲೈನ್‌ಮನ್‌ಗಳು ಒಂದೇ ಲೈನಿನ ಬಗ್ಗೆ ಒಂದೇ ದಿನ ಐದಾರು ಸಲ ಎಲ್.ಸಿ. ಎಲ್.ಸಿ. ಅನ್ನುತ್ತಿದ್ದರು. ಫೋನ್ ಕಟ್ಟಾಗಿ ಮತ್ತೆ ಹೇಳುತ್ತಿದ್ದಾರೆ ಎಂದುಕೊಂಡು ನಾನೊಂದು ಜಾಣ ನಿಯಮ ಬರೆದೆ: ಅದೇ ಜೋಡಿ, ಅದೇ ಲೈನು, ಅದೇ ದಿನ ಮತ್ತೆ ಬಂದರೆ ಅದು ಮರುಕಳಿಕೆ, ಮೊದಲಿನದಕ್ಕೇ ಸೇರಿಸು. ಲೆಕ್ಕ ಚೊಕ್ಕವಾಯಿತು, ಶಾಲೆಯವರು ಗೆದ್ದರು. ನಿಯಮ ಚೆನ್ನಾಗಿದೆ ಎಂದು ನಮ್ಮ ಮುಖ್ಯಸ್ಥರು ಅದನ್ನು ಯಂತ್ರದಲ್ಲೇ ಉಳಿಸಿಕೊಂಡರು. ನನಗೊಂದು ಪ್ರಶಂಸಾ ಪತ್ರ ಸಿಕ್ಕಿತು.

ಕರೆಂಟಿನವರಿಗೆ ಉಳಿದ ಜೋಡಿಗಳಲ್ಲಿ ಕ್ಯೂ.ವೈ. ಹಂಚಿದರು.

ಅದನ್ನು ಕಲಿಸಲು ನನ್ನನ್ನು ನೀರಮಟ್ಟಿಗೆ ಕಳಿಸಿದರು. ಅಕ್ಕ ಕಲಾವತಿಯ ಮನೆ ಅಲ್ಲೇ. ಅವಳ ಗಂಡ ದ್ಯಾಮಣ್ಣ ಮಾಮಾ ಅದೇ ಉಪಕೇಂದ್ರದ ಲೈನ್‌ಮನ್. ಮೊದಲ ದಿನ ಉಣ್ಣಲು ಕೂತಾಗಲೇ ಶುರು ಮಾಡಿದ.

"ಇಂಜಿನಿಯರ್ ಬಾಯಾರ, ಕ್ಯೂವೈ ಕ್ಯೂವೈ ಅಂತ ಫೋನಿನ್ಯಾಗ ಅಂದ್ರ ನಾಯಿಮರಿ ಕುಂಯ್ಗುಟ್ಟಿದಂಗ ಆಗತೈತಿ. ಆಕಡೆ ಇಮಾಮಸಾಬ ಕಾಕಾ ಹಾಲ ಹಾಕಲೇನೋ ಅಂತಾರ."

"ರೂಢಿ ಆಗತೈತಿ ಮಾಮಾ."

"ಆಗತೈತಿ. ಮ್ಯಾಲ ಹನ್ನೊಂದು ಸಾವಿರ ವೋಲ್ಟ್ ಇದ್ದಾಗ ಬಾಯಿಗೆ ಬರೋದು ಯಾವದು ಹೇಳು? ರೂಢಿ ಇದ್ದದ್ದು."

"ಉಣ್ರಿ ಸಾಕು," ಅಂದಳು ಅಕ್ಕ. "ಅಕಿ ಸಂಬಳಾ ತಗೊಳ್ಳೋದು ಅದಕ್ಕ."

ಮರುದಿನ ಉಪಕೇಂದ್ರಕ್ಕೆ ಹೋದೆ. ಉದ್ದನೆಯ ಕೋಣೆ, ಗೋಡೆಗುಂಟ ಬೂದುಬಣ್ಣದ ಪ್ಯಾನಲ್ಲು, ಒಂದೊಂದು ಫೀಡರಿಗೆ, ಅಂದರೆ ಅಲ್ಲಿಂದ ಊರುಗಳಿಗೆ ಹೊರಡುವ ಒಂದೊಂದು ಲೈನಿಗೆ, ಒಂದೊಂದು ಹಿಡಿಕೆ. ಇಮಾಮಸಾಬ ಕಾಕಾ ತೆಳ್ಳಗೆ, ಬಿಳಿಗಡ್ಡ, ಕಿವಿಯ ಮೇಲೆ ಪೆನ್ನು. ನನ್ನ ಹೊಸ ಪರದೆಯನ್ನು ಮೆಚ್ಚಿಕೊಂಡರು, ಚಹಾ ತರಿಸಿದರು. ಎಲ್ಲ ಸರಿಯಿತ್ತು. ಆದರೆ ಮೂರನೇ ಫೀಡರಿನ ಹಿಡಿಕೆಯ ಮುಂದೆ, ಪ್ಯಾನಲ್ಲಿನ ಮೇಲೆಯೇ, ಒಂದು ಊಟದ ಡಬ್ಬಿ ಕೂತಿತ್ತು.

"ಕಾಕಾ, ಇಲ್ಲ್ಯಾಕ ಬುತ್ತಿ ಇಟ್ಟಾರ? ಚಟ್ನಿ ಎಣ್ಣಿ ಸೋರಿದ್ರ?"

"ಅದು ಚನಬಸುಂದು. ಅವ ಲೈನಿನ ಮ್ಯಾಲ ಅದಾನ."

ಆಗ ಅವರು ಹೇಳಿದ ಪದ್ಧತಿ ಇದು. ಲೈನ್‌ಮನ್ ಎಲ್.ಸಿ. ತಗೊಂಡು ಹೊರಡುವಾಗ ತನ್ನ ಡಬ್ಬಿಯನ್ನು ಆ ಫೀಡರಿನ ಹಿಡಿಕೆಯ ಮುಂದೆ ಇಟ್ಟು ಹೋಗುತ್ತಾನೆ. ಕೆಲಸ ಮುಗಿಸಿ ಬಂದು ತನ್ನ ಕೈಯಾರೆ ಎತ್ತಿಕೊಳ್ಳುತ್ತಾನೆ. ಅವರೇ ಬಾಯಿಬಿಟ್ಟು ಹೇಳದ ಹೊರತು ಒಬ್ಬರ ಡಬ್ಬಿ ಇನ್ನೊಬ್ಬರು ಮುಟ್ಟುವುದಿಲ್ಲ. ಡಬ್ಬಿ ಇರುವ ತನಕ ಆ ಹಿಡಿಕೆಗೆ ಯಾರೂ ಕೈ ಹಾಕುವುದಿಲ್ಲ, ಖುದ್ದು ದೊಡ್ಡ ಸಾಹೇಬರು ಬಂದು ನಿಂತರೂ.

"ಪುಸ್ತಕ ಐತಿ, ಪರದೆ ಐತಿ, ಮತ್ತ ಡಬ್ಬಿ ಯಾಕ ಬೇಕು?"

"ಪುಸ್ತಕಕ್ಕ ಹಸಿವು ಆಗೂದಿಲ್ಲ, ತಂಗಿ. ಮನುಷ್ಯಾಗ ಆಗತೈತಿ. ಅವ ಎಲ್ಲೇ ಇದ್ರೂ ಡಬ್ಬಿ ಹತ್ರ ಬರ್ತಾನ."

ನನಗೆ ಸಿಟ್ಟು ಬಂತು. ಎಂಥ ಕಾಲದಲ್ಲಿದ್ದಾರೆ ಇವರು! ಡಬ್ಬಿಗಳನ್ನು ಹೊರಗಿನ ಕಟ್ಟೆಗೆ ಸಾಗಿಸಬೇಕು ಎಂದು ಸೂಚನಾ ಪತ್ರ ಬರೆದು ಗೋಡೆಗೆ ಅಂಟಿಸಿದೆ. ಕಾಕಾ ಅದನ್ನು ಪೂರ್ತಿ ಓದಿ, ಅಂಟು ಬಿಟ್ಟ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಸರಿ ಮಾಡಿ, ಡಬ್ಬಿಯನ್ನು ಇದ್ದಲ್ಲೇ ಬಿಟ್ಟರು.

"ನಿಮ್ಮ ಯಂತ್ರದಾಗ ಎರಡ ಅಕ್ಷರಕ್ಕ ಒಂದ ಅರ್ಥ ಅಂತಲ್ಲ," ಅಂದರು. "ನಮಗ ಹಂಗಲ್ಲ. ಎಷ್ಟ ಡಬ್ಬಿ, ಅಷ್ಟ ಅರ್ಥ. ಇದು ಚನಬಸು. ನಾಳೆ ಇಡೂದು ದ್ಯಾಮಣ್ಣ."

ಹಳೇ ಮಂದಿ ಹೀಗೆಯೇ ಮಾತಾಡುತ್ತಾರೆ ಎಂದುಕೊಂಡೆ.

ಮೂರನೇ ದಿನ. ಹಿಂದಿನ ಸಂಜೆಯ ಗಾಳಿಗೆ ಮೂರನೇ ಫೀಡರಿನಲ್ಲಿ ಎರಡು ಕಡೆ ಹಾಳಾಗಿತ್ತು. ಒಂದು ಊರ ಹತ್ತಿರ ಬೇವಿನ ಟೊಂಗೆ ಬಿದ್ದಲ್ಲಿ, ಇನ್ನೊಂದು ಏಳು ಕಿಲೋಮೀಟರ್ ಆಚೆ ಕಾಲುವೆ ದಾಟಿ. ತಾಲೂಕು ಆಸ್ಪತ್ರೆಗೂ ಅದೇ ಫೀಡರ್. ಬೆಳಿಗ್ಗೆ ಹತ್ತಕ್ಕೆ ಚನಬಸು ಕ್ಯೂ.ವೈ. ತಗೊಂಡು ಡಬ್ಬಿ ಇಟ್ಟು ಹೋದ. ಹತ್ತೂ ಇಪ್ಪತ್ತಕ್ಕೆ ದ್ಯಾಮಣ್ಣ ಮಾಮಾ ತಗೊಂಡ, ತಾನೂ ಇಟ್ಟ. ಆ ಡಬ್ಬಿಗೆ ಬೆಳಿಗ್ಗೆ ರೊಟ್ಟಿ ಮಡಚಿ ತುಂಬಿದವಳು ನಾನೇ. ಅಕ್ಕ ಶೇಂಗಾ ಚಟ್ನಿ ಹಾಕಿ, ಮುಚ್ಚಳ ಸಡಿಲವೆಂದು ಮಗಳ ಕೆಂಪು ರಿಬ್ಬನ್ ಕಟ್ಟಿದ್ದಳು.

ಒಂದೊಂದು ಕ್ಯೂ.ವೈ.ಗೂ ಯಂತ್ರ ಒಂದು ನಂಬರ್ ಕೊಡುತ್ತದೆ, ಕೆಲಸ ಮುಗಿದ ಮೇಲೆ ಆ ನಂಬರ್ ಹೇಳಿ ವಾಪಸ್ ಕೊಡಬೇಕು. ಇಮಾಮಸಾಬ ಕಾಕಾ ಪರದೆಯ ಹತ್ತಿರ ಬಗ್ಗಿದರು.

"ತಂಗಿ, ಇಬ್ಬರಿಗೂ ಹದಿನಾಲ್ಕನೇ ನಂಬರ್ ಕೊಟ್ಟೈತಲ್ಲ ಇದು?"

"ಫೀಡರ್ ಒಂದ ಅಲ್ಲೇನ್ರಿ ಕಾಕಾ. ಎರಡನೇದ್ದು ಮರುಕಳಿಕೆ. ಕೂಡಿಸಿ ಒಂದ ಮಾಡತೈತಿ."

ಎಷ್ಟು ಹೆಮ್ಮೆಯಿಂದ ಹೇಳಿದೆ ಅಂತೀರಿ! ಕಾಕಾ ಪರದೆ ನೋಡಿದರು, ಎರಡು ಡಬ್ಬಿ ನೋಡಿದರು.

ಮಧ್ಯಾಹ್ನ ಒಂದೂ ಒಂಬತ್ತಕ್ಕೆ ಚನಬಸು ಕೆಲಸ ಮುಗಿಸಿ ಬಂದ. ಹದಿನಾಲ್ಕನೇ ನಂಬರ್ ವಾಪಸ್ ಅಂದ. ಪರದೆ ಹಸಿರಾಯಿತು: ಲೈನಿನ ಮೇಲೆ ಯಾರೂ ಇಲ್ಲ, ಕರೆಂಟ್ ಬಿಡಬಹುದು. ಚನಬಸು ತನ್ನ ಡಬ್ಬಿ ಎತ್ತಿಕೊಂಡು ಹೊರಗೆ ನೆರಳಿಗೆ ಹೋಗಿ ಕೂತ.

ಕೆಂಪು ರಿಬ್ಬನ್ನಿನ ಡಬ್ಬಿ ಅಲ್ಲೇ ಇತ್ತು.

ಅದೇ ಹೊತ್ತಿಗೆ ಆಸ್ಪತ್ರೆಯ ನರ್ಸ್ ಫೋನ್. "ಜನರೇಟರ್ ಕೆಟ್ಟೈತ್ರಿ! ದಿನ ತುಂಬದ ಕೂಸು ಐತಿ, ಬೆಚ್ಚಗ ಇಡೂ ಮಷೀನು ಬಂದ್ ಆಗೈತಿ. ಯಾವಾಗ ಬಿಡ್ತೀರಿ?" ಅದರ ಬೆನ್ನಿಗೇ ಶಾಖಾಧಿಕಾರಿ ಕುಲಗೋಡ ಸಾಹೇಬರ ಫೋನ್. ಅವರ ಮೊಬೈಲಿನಲ್ಲೂ ಹಸಿರು ಕಾಣುತ್ತಿತ್ತು.

"ಇಮಾಮಸಾಬ, ಬಿಡೋ ಮಾರಾಯಾ!"

"ಒಂದು ಡಬ್ಬಿ ಐತ್ರಿ ಸಾಹೇಬ್ರ."

"ಡಬ್ಬಿ ಮರತ ಹೋಗಿರ್ತಾನ! ಸಿಸ್ಟಮ್ ಏನ್ ಹೇಳತೈತಿ?"

"ಸಿಸ್ಟಮ್ ಹಸಿರ ಐತ್ರಿ."

"ಮತ್ತ?"

"ಡಬ್ಬಿ ಐತ್ರಿ."

ದ್ಯಾಮಣ್ಣ ಮಾಮಾನ ಫೋನ್ ರಿಂಗೇ ಆಗುತ್ತಿರಲಿಲ್ಲ. ಕಾಲುವೆ ಆಚೆ ಸಿಗ್ನಲ್ ಇಲ್ಲ. ನಾನು ಹೊರಗೆ ಓಡಿ ಚನಬಸುನನ್ನು ಕೇಳಿದೆ. ಬಾಯಲ್ಲಿ ತುತ್ತು ಇಟ್ಟುಕೊಂಡೇ, "ನನ್ನದು ನಾ ಕೊಟ್ಟೇನ್ರಿ. ಅವಂದು ಅವಂಗ ಗೊತ್ತು" ಅಂದ. ಇನ್ನೊಬ್ಬರ ಪರವಾಗಿ ಇವರಲ್ಲಿ ಯಾರೂ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದೂ ಇಲ್ಲ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಒಳಗೆ ಬಂದರೆ ನರ್ಸ್ ಮತ್ತೆ ಫೋನಿನಲ್ಲಿ. ಹಿಂದೆ ಯಾರೋ ಅಳುತ್ತಿರುವುದು ಕೇಳುತ್ತಿತ್ತು. ನಾನು ಕೂಗಿದೆ, ಹೌದು, ನಾನೇ ಕೂಗಿದೆ: "ಕಾಕಾ, ಪರದೆ ಹಸಿರ ಐತಿ! ಅದು ಸುಳ್ಳ ಹೇಳೂದಿಲ್ಲ! ಬಿಡ್ರಿ!"

ಕಾಕಾ ಹಿಡಿಕೆಯ ಪಕ್ಕದಿಂದ ಸರಿದು ನಿಂತರು.

"ಆತು ತಂಗಿ. ನೀ ಡಬ್ಬಿ ಎತ್ತು. ನೀ ಎತ್ತಿದ್ರ ನಾ ಬಿಡ್ತೀನಿ."

ಕೈ ಚಾಚಿದೆ. ರಿಬ್ಬನ್ನಿನ ಗಂಟು ಬೆರಳಿಗೆ ತಾಗಿತು. ಅಕ್ಕ ಬೆಳಿಗ್ಗೆ ಅದನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದ್ದು ಕಣ್ಣಿಗೆ ಬಂತು. ಅದರ ಹಿಂದೆಯೇ ನಾನು ಬರೆದ ಸಾಲು: ಅದೇ ಜೋಡಿ, ಅದೇ ಲೈನು, ಅದೇ ದಿನ. ಅದರಲ್ಲಿ ಎಲ್ಲ ಇತ್ತು. ಯಾರು ಅನ್ನುವುದೊಂದು ಇರಲಿಲ್ಲ. ಲೈನ್‌ಮನ್‌ಗಳು ಐದಾರು ಸಲ ಎಲ್.ಸಿ. ಅನ್ನುತ್ತಿದ್ದದ್ದು ಫೋನ್ ಕಟ್ಟಾಗಿ ಅಲ್ಲ. ಐದಾರು ಜನ ಇದ್ದರು.

ನಾನು ಡಬ್ಬಿ ಎತ್ತಲಿಲ್ಲ. "ಕೂಸನ್ನ ತಾಯಿ ಎದಿಗೆ ಹಚ್ಚಿ ಅರಿವಿ ಸುತ್ರಿ, ಬಿಸಿನೀರಿನ ಬಾಟಲಿ ಬಗಲಾಗ ಇಡ್ರಿ" ಎಂದು ನರ್ಸಿಗೆ ಕೂಗಿ ಹೇಳಿ ಚನಬಸುನ ಗಾಡಿಯ ಕೀ ಕಸಿದುಕೊಂಡೆ. ನರ್ಸ್ ಅದನ್ನು ಆಗಲೇ ಮಾಡಿದ್ದಳು, ನನಗೆ ಆಮೇಲೆ ಗೊತ್ತಾಯಿತು.

ಕಾಲುವೆಯ ಏರಿಯ ಮೇಲಿಂದಲೇ ಮಾಮಾ ಕಂಡ. ಕಂಬದ ತುದಿಯಲ್ಲಿ, ಸೊಂಟದ ಪಟ್ಟಿಯಲ್ಲಿ ಜೋತು, ಎರಡೂ ಕೈಯಲ್ಲಿ ತಂತಿ ಹಿಡಿದು ಕೊನೆಯ ಸುತ್ತು ಬಿಗಿಯುತ್ತಿದ್ದ. ಏನೋ ಗುನುಗುತ್ತಿದ್ದ.

ನಾನು ಕೂಗಿದ ದನಿಗೆ ಹೆದರಿ, ಅದನ್ನು ಬಿಗಿದವನೇ ಇಳಿದ. ಅವನನ್ನು ಹಿಂದೆ ಕೂರಿಸಿಕೊಂಡು ಸಿಗ್ನಲ್ ಸಿಗುವ ಏರಿಗೆ ಬಂದು, ಇಲಾಖೆಯ ಫೋನಿನಲ್ಲಿ ಕಾಕಾನಿಗೆ ಹಚ್ಚಿದೆ. ಮಾಮಾ ಏದುಸಿರಿನಲ್ಲಿ, "ಕಾಕಾ, ನನ್ನ ಎಲ್.ಸಿ. ವಾಪಸ್" ಅಂದ.

ಟಿಂಗ್. ಈ ಜೋಡಿ ನಿಮ್ಮದಲ್ಲ.

"ಕ್ಯೂ.ವೈ. ಅನ್ನು ಮಾಮಾ!"

"ಕ್ಯೂ.ವೈ. ಹದಿನಾಲ್ಕು ವಾಪಸ್!"

"ಹದಿನಾಲ್ಕನೇ ನಂಬರ್ ಈಗಾಗಲೇ ಮುಕ್ತಾಯವಾಗಿದೆ," ಅಂದಿತು ಆ ನಯವಾದ ದನಿ, ಮತ್ತು ಅದನ್ನೂ ಆ ಕಡೆ ಬಿಡಲಿಲ್ಲ. ಫೋನನ್ನು ಕಾಲುವೆಗೆ ಎಸೆಯೋಣ ಅನ್ನಿಸಿತು. ನಾನೇ ಕಸಿದುಕೊಂಡು, "ಕಾಕಾ, ನಾ ನೀಲಾ, ಮಾಮಾ ಇಳಿದಾನ, ನನ್ನ ಬಾಜೂಕ ಅದಾನ" ಅಂದೆ.

"ನೀ ಹೇಳಬ್ಯಾಡ ತಂಗಿ. ಅವನ ಬಾಯಿಲೆ ಕೇಳಸು."

ಮಾಮಾ ಫೋನ್ ತಗೊಂಡ. ಯಾವ ಜೋಡಿಯೂ ಇಲ್ಲದ ಮಾತು ಹೇಳಿದ.

"ಕಾಕಾ, ನನ್ನ ಡಬ್ಬಿ ಇಳಿಸ್ರಿ. ಹಸಿವಿ ಆಗೈತಿ."

ಒಂದೂ ನಲವತ್ತಕ್ಕೆ ಕರೆಂಟ್ ಬಂತು.

ಕೂಸು ಬದುಕಿದೆ. ಜಿಲ್ಲಾ ಆಸ್ಪತ್ರೆಗೆ ಒಯ್ದು ಹನ್ನೆರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಆದರೆ ಆ ಮೂವತ್ತೊಂದು ನಿಮಿಷ ಅದರ ತಾಯಿಗೆ ಹೇಗಿತ್ತು ಅನ್ನುವುದನ್ನು ನಾನು ಊಹಿಸಲಾರೆ. ಆಕೆಯ ಮಾವ ದೂರು ಕೊಟ್ಟರು. ಕೊಡಲೇಬೇಕಿತ್ತು. ವಿಚಾರಣೆ ಬಂತು. ದಾಖಲೆಯಲ್ಲಿ ಇರುವುದು ಇಷ್ಟು: ಒಂದೂ ಒಂಬತ್ತಕ್ಕೆ ಲೈನು ಖಾಲಿ, ಒಂದೂ ನಲವತ್ತಕ್ಕೆ ಕರೆಂಟ್, ನಡುವೆ ದ್ಯಾಮಣ್ಣ ಎಂಬವರಿಂದ ಅನ್ಯರ ಜೋಡಿ ಬಳಕೆ, ದಂಡ ವಿಧಿಸಬಹುದು. ಕಂಬದ ಮೇಲೆ ಒಬ್ಬ ಇದ್ದ ಎಂದು ಎಲ್ಲೂ ಇಲ್ಲ. ಡಬ್ಬಿಗೆ ಕಾಲಂ ಇಲ್ಲ.

ಸ್ಥಳದಲ್ಲಿದ್ದ ಜೋಡಿ ತಂಡದವಳು ನಾನಾದ್ದರಿಂದ ತಾಂತ್ರಿಕ ಫಾರಂ ನನಗೆ ಬಂತು. ಅದರಲ್ಲಿ 'ತಡಕ್ಕೆ ಕಾರಣ' ಅನ್ನುವ ಚೌಕ ಎರಡೇ ಅಕ್ಷರ ಹಿಡಿಯುತ್ತದೆ. ಮನುಷ್ಯರ ತಪ್ಪಿಗೆ ಎಚ್.ಇ. ಎಂಬ ಜೋಡಿ ಇದೆ. ಯಂತ್ರದ ತಪ್ಪಿಗೆ ಹುಡುಕಿದೆ. ಎಸ್.ಇ. ಯಾರೋ ಹಿರಿಯ ಇಂಜಿನಿಯರ್ ಸಾಹೇಬರದು. ಎಂ.ಇ. ಒಂದು ಪದವಿ. ಆರುನೂರ ಎಪ್ಪತ್ತಾರೂ ಹಂಚಿ ಮುಗಿದಿವೆ, ಯಂತ್ರದ ತಪ್ಪಿಗೆ ಒಂದೂ ಉಳಿದಿಲ್ಲ. ಮಾಮಾನ ಎಲ್.ಸಿ. ವಾಪಸ್ ಬಂದಿರಲಿಲ್ಲ, ಅದೇ ನಿಜವಾದ ಕಾರಣ ಎಂದು ಎಲ್.ಸಿ. ಹೊಡೆದೆ. ಟಿಂಗ್. ಮತ್ತೆ ಹೊಡೆದೆ. ಟಿಂಗ್. ಹನ್ನೊಂದು ಸಲ.

ಮುಖ್ಯಸ್ಥರ ಹತ್ತಿರ ಹೋಗಿ ನಿಯಮವೇ ತಪ್ಪು, ಬರೆದವಳು ನಾನು ಅಂದೆ. ಅವರು ಕೆಟ್ಟವರಲ್ಲ. "ನೋಡಮ್ಮ," ಅಂದರು, "ಎಚ್.ಇ. ಹಾಕು, ಪಕ್ಕದ ಚೌಕದಲ್ಲಿ ಆಪರೇಟರ್ ಹೆಸರು ಹಾಕು. ಫೈಲ್ ಮುಚ್ಚುತ್ತೆ. ಮುಂದಿನ ತಿಂಗಳು ಹೊಸ ಆವೃತ್ತಿ ಮಾಡ್ತೀವಲ್ಲ, ಆಗ ನೀನೇ ಕೂತು ಆ ಸಾಲು ತೆಗಿ. ನಿನ್ನ ಹೆಸರು ಹಾಕಿದರೆ ನೀನು ತಂಡದಿಂದ ಹೊರಗೆ. ಸಾಲು ಅಲ್ಲೇ ಇರುತ್ತೆ. ಮನುಷ್ಯರ ತಪ್ಪು ಅಂತ ಮುಚ್ಚಿದ ಫೈಲಿಗೆ ಯಂತ್ರ ಬದಲಾಯಿಸೋಕೆ ಬೇರೆ ಯಾರೂ ಕೈ ಹಾಕಲ್ಲ."

"ಈಗಲೇ ತೆಗೆಯಬಹುದಲ್ಲ ಸರ್?"

"ಯಂತ್ರದ ತಪ್ಪು ಅಂತ ಕಾರಣ ಇದ್ದರೆ ತೆಗೀಬಹುದು. ಇದೆಯಾ?"

ನಿನ್ನೆ ಇಮಾಮಸಾಬ ಕಾಕಾನ ಮನೆಗೆ ಹೋಗಿದ್ದೆ. ಹೊರಗಿನ ಕಟ್ಟೆಯ ಮೇಲೆ ಕೂತು ಮೊಮ್ಮಗಳಿಗೆ ಕೊಬ್ಬರಿ ಹೋಳು ತಿನ್ನಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡರು. "ನನ್ನ ಹೆಸರ ಹಾಕು ತಂಗಿ. ಎರಡು ತಿಂಗಳಿಂದು ಏನೈತಿ. ನೀ ಒಳಗ ಇದ್ದು ಆ ಸಾಲು ತೆಗಿ" ಅಂದರು. ಮೂವತ್ತೆಂಟು ವರ್ಷದ ನೌಕರಿಗೆ ಒಂದೂ ಕಪ್ಪು ಚುಕ್ಕೆ ಇಲ್ಲದ ಮನುಷ್ಯ ಅದನ್ನು ಚಹಾ ಕುಡಿ ಅನ್ನುವಂತೆ ಅಂದರು.

ಅಲ್ಲಿಂದ ಅಕ್ಕನ ಮನೆಗೆ ಬಂದೆ. ಅವಳು ನನ್ನ ಮುಖ ನೋಡದೆ ಹಿಟ್ಟು ನಾದುತ್ತಲೇ ಹೇಳಿದಳು. "ಕಾಕಾನ ಹೆಸರ ಬರದಿ ಅಂದ್ರ ಈ ಹೊಸ್ತಲಾ ತುಳೀಬ್ಯಾಡ. ಅಂವ ಇರಲಿಲ್ಲಂದ್ರ ನಾ ಇವತ್ತು ಯಾರ ಸಲುವಾಗಿ ರೊಟ್ಟಿ ಬಡೀತಿದ್ನಿ?"

ಮಾಮಾ ಅಂಗಳದ ನಳದ ಹತ್ತಿರ ಕೂತು ಬೂದಿ ಹಚ್ಚಿ ಡಬ್ಬಿ ತಿಕ್ಕುತ್ತಿದ್ದ, ಎಂದಿಗಿಂತ ಜಾಸ್ತಿ ಹೊತ್ತು.

ಈಗ ಫಾರಂ ನನ್ನ ಎದುರಿಗಿದೆ. ಪಕ್ಕದ ಪರದೆಯಲ್ಲಿ ಇಡೀ ರಾಜ್ಯದ ಕ್ಯೂ.ವೈ. ದಾಖಲೆ ಓಡುತ್ತಿದೆ. ಇವತ್ತು ಬೆಳಿಗ್ಗೆಯಿಂದ 'ಮರುಕಳಿಕೆ, ಸೇರಿಸಲಾಗಿದೆ' ಎಂಬ ಸಾಲು ನಲವತ್ತೊಂದು ಸಲ ಬಂದಿದೆ. ಆ ನಲವತ್ತೊಂದರಲ್ಲಿ ಎಷ್ಟು ನಿಜವಾಗಿ ಫೋನ್ ಕಟ್ಟಾದದ್ದು, ಎಷ್ಟು ಎರಡನೇ ಮನುಷ್ಯ, ನನಗೆ ಗೊತ್ತಾಗುವುದಿಲ್ಲ. ಹಾಗೆ ಗೊತ್ತಾಗದಂತೆ ಬರೆದವಳು ನಾನೇ. ಆ ಉಪಕೇಂದ್ರಗಳಲ್ಲಿ ಡಬ್ಬಿ ಇಡುತ್ತಾರೋ, ಅಥವಾ ನನ್ನಂಥವಳೊಬ್ಬಳು ಹೋಗಿ ಗೋಡೆಗೆ ಪತ್ರ ಅಂಟಿಸಿ ಅವನ್ನೆಲ್ಲ ಹೊರಗಿನ ಕಟ್ಟೆಗೆ ಸಾಗಿಸಿದ್ದಾಳೋ, ಅದೂ ಗೊತ್ತಿಲ್ಲ.

ನನ್ನ ಹೆಸರು ಹಾಕಿದರೆ ಕಾಕಾ ಉಳಿಯುತ್ತಾರೆ, ಸಾಲೂ ಉಳಿಯುತ್ತದೆ. ಕಾಕಾನ ಹೆಸರು ಹಾಕಿದರೆ ಒಂದು ತಿಂಗಳ ಮೇಲೆ ಸಾಲು ಹೋಗುತ್ತದೆ, ಯಾರದೋ ಮನೆಯ ಡಬ್ಬಿ ಸಂಜೆ ಮನೆಗೆ ವಾಪಸ್ ಬರುತ್ತದೆ. ಖಾಲಿ ಬಿಟ್ಟರೆ ಹತ್ತು ಗಂಟೆಗೆ ಫಾರಂ ತಾನೇ ಕಾಕಾನ ಹೆಸರು ತುಂಬಿಕೊಳ್ಳುತ್ತದೆ.

ಪೂರ್ತಿ ಕೇಳಿದಿರಲ್ಲ. ಹೇಳಿ, ಆ ಚೌಕದಲ್ಲಿ ನೀವಾಗಿದ್ದರೆ ಯಾರ ಹೆಸರು ಬರೆಯುತ್ತಿದ್ದಿರಿ?